ದಾಳಿಂಬೆ ಬಣ್ಣ ಬರುವವರೆಗೆ

ಮದುವೆಯ ದಿನ ಹೆಂಡತಿ ತೊಟ್ಟಿದ್ದ ರೇಷ್ಮೆ ಉಡುಪು ದಾಳಿಂಬೆ ಬಣ್ಣದ್ದು. ಗುಮಾಸ್ತರ ಹೊಸ ಪ್ರೊಜೆಕ್ಟರ್ ಅದನ್ನು ಕುಂಬಳಕಾಯಿ ಬಣ್ಣದಲ್ಲಿ ತೋರಿಸಿತು. ಎಡವಟ್ಟು ಶುರುವಾದದ್ದೇ ಅಲ್ಲಿಂದ.

“ಸಾಯಂಕಾಲ ಅಪ್ಪ, ಚಿಕ್ಕಪ್ಪ ಮದುವೆ ವಿಡಿಯೊ ನೋಡೋಕೆ ಬರ್ತಾರೆ. ಅಷ್ಟರೊಳಗೆ ಬಣ್ಣ ಸರಿಹೋಗದಿದ್ರೆ ಇದು ನಾಳೆ ಅಂಗಡಿಗೆ ವಾಪಸ್,” ಎಂದಳು ಹೆಂಡತಿ.

ಆಕೆ ಹೇಳಿದರೆ ಮುಗಿಯಿತು. ಒಂದು ವರ್ಷ ಕಾಡಿ ಬೇಡಿ ಪ್ರೊಜೆಕ್ಟರಿಗೆ ಒಪ್ಪಿಗೆ ಪಡೆದಿದ್ದ ಗುಮಾಸ್ತರು ತಡಮಾಡಲಿಲ್ಲ. ರಿಮೋಟ್ ಹಿಡಿದು ಕೂತರು. ಕಲರ್ ಏರಿಸಿದರೆ ಮಾವನವರು ಬಿಸಿಲಲ್ಲಿ ಬೆಂದವರಂತೆ ಕೆಂಪಾದರು. ಟಿಂಟ್ ಬದಲಿಸಿದರೆ ಬಂಧುಬಳಗವೆಲ್ಲ ಹಸಿರು. ಕಾಂಟ್ರಾಸ್ಟ್ ಮುಟ್ಟಿದಾಗ ಮದುಮಗನ ಮೂಗೇ ಮಾಯವಾಯಿತು.

ಗೋಡೆಯ ಮೇಲೆ ಬಣ್ಣ ಕುಣಿಯುವುದನ್ನು ಕಿಟಕಿಯಿಂದ ಕಂಡ ಎದುರುಮನೆಯ ಪೇಂಟರ್ ಒಳಗೇ ಬಂದುಬಿಟ್ಟ.

“ಮೆಷಿನ್ನಿಂದು ಏನೂ ತಪ್ಪಿಲ್ಲ ಸಾರ್. ನಿಮ್ಮ ಗೋಡೆ ಕೆನೆ ಬಣ್ಣ. ಅದ್ರ ಮೇಲೆ ಏನು ಬಿಟ್ರೂ ಹಳದಿನೇ.”

ಬೇಡ ಎನ್ನುವಷ್ಟರಲ್ಲಿ ಗೋಡೆಗೆ ಬಿಳಿ ಬಣ್ಣ ಬಿದ್ದಿತ್ತು. ಅರ್ಧ ಗೋಡೆಗೇ ಡಬ್ಬ ಖಾಲಿಯಾಯಿತು. ಈಗ ಮದುಮಗಳು ಸೊಂಟದಿಂದ ಮೇಲೆ ಗುಲಾಬಿ, ಕೆಳಗೆ ಕುಂಬಳಕಾಯಿ.

ಬಣ್ಣದ ವಾಸನೆ ಹಿಡಿದು ಮೇಲ್ಮನೆಯ ಟೈಲರ್ ಇಳಿದು ಬಂದರು. ಗೋಡೆ ನೋಡಿದರು, ನಿಟ್ಟುಸಿರು ಬಿಟ್ಟರು, ಬಿಳಿ ಬೆಡ್‌ಶೀಟು ತರಿಸಿ ಅದರ ಮೇಲೆ ಬಿಗಿಯಾಗಿ ಮೊಳೆ ಹೊಡೆದರು.

“ಬಾಯಲ್ಲಿ ದಾಳಿಂಬೆ ಅಂದ್ರೆ ಆಗಲ್ಲ. ನನ್ನ ಹತ್ರ ದಾಳಿಂಬೇಲೇ ನಾಲ್ಕು ಥರ ದಾರ ಇದೆ. ಆ ಬಟ್ಟೆ ತನ್ನಿ.”

ಬೀರುವಿನಿಂದ ಉಡುಪು ಬಂತು, ಮಹಡಿಯಿಂದ ದಾರದ ಉಂಡೆಗಳು ಬಂದವು. ಟೈಲರ್ ಉಂಡೆ ಹಿಡಿದು ನಿಂತರು. “ಒಂದು ಚೂರು ಇಳಿಸಿ. ಅರ್ಧ ಚೂರು ಏರಿಸಿ. ಉಸಿರು ಬಿಡ್ಬೇಡಿ.” ನಾಲ್ಕು ಗಂಟೆಗೆ ಸರಿಯಾಗಿ ಕೈಯಲ್ಲಿದ್ದ ದಾಳಿಂಬೆಯೂ ಪರದೆಯ ದಾಳಿಂಬೆಯೂ ಒಂದಾದವು. ಗುಮಾಸ್ತರಿಗೆ ಕುಣಿಯುವಷ್ಟು ಖುಷಿಯಾಯಿತು.

ಅಷ್ಟರಲ್ಲಿ ಮಾವನವರೂ ಅವರ ತಮ್ಮನೂ ಬಂದರು.

“ಚಿಕ್ಕಪ್ಪ, ನೋಡ್ಕೊಂಡು ಕೂತ್ಕೊಳ್ಳಿ,” ಎಂದು ಗುಮಾಸ್ತರು ಎಲ್ಲರಿಗಿಂತ ಜೋರಾಗಿ ನಕ್ಕರು.

ಅದು ಆ ಮನೆಯವರ ಹಳೆಯ ತಮಾಷೆ. ಮದುವೆಯ ದಿನ ಮಾವನವರ ಚಿನ್ನದ ಕಟ್ಟಿನ ಕನ್ನಡಕ ಕಳೆದುಹೋಗಿ, ಕಡೆಗೆ ಚಿಕ್ಕಪ್ಪನ ಕೆಳಗೆ ಪುಡಿಪುಡಿಯಾಗಿ ಸಿಕ್ಕಿತ್ತು. ಅಂದಿನಿಂದ ಇಪ್ಪತ್ತು ವರ್ಷ ಅವರಿಗೆ ಯಾರೂ ಕುರ್ಚಿ ಕೊಟ್ಟಿಲ್ಲ, ಚಾಪೆಯೇ ಗತಿ. ಪಾಪ, ಈಗಲೂ ತೆಪ್ಪಗೆ ಚಾಪೆಯ ಮೇಲೆ ಕೂತರು.

ವಿಡಿಯೊ ಓಡಿತು. ಮಾವನವರು ತಲೆದೂಗಿದರು. “ಭೇಷ್ ಅಳಿಯಂದಿರೇ. ಆ ಎಡಗಡೆ ಮೂಲೆ ಮಾತ್ರ ಕತ್ತಲು. ಹಳೇ ಟೀವಿಯಲ್ಲೂ ಹಾಗೇ ಇತ್ತು. ಅಲ್ಲಿ ಏನಿದೆ ಅಂತ ಇವತ್ತಿಗೂ ಕಂಡಿಲ್ಲ.”

“ಅದೇನು ಮಹಾ ಮಾವ?” ಗೆದ್ದ ಹುಮ್ಮಸ್ಸಿನಲ್ಲಿದ್ದ ಗುಮಾಸ್ತರು ಬ್ರೈಟ್‌ನೆಸ್ ಏರಿಸುತ್ತಲೇ ಹೋದರು.

ಮೂಲೆ ಬೆಳಗಿತು. ಅಲ್ಲಿ ಎರಡು ಕುರ್ಚಿಗಳಿದ್ದವು. ಮದುಮಗ ಬಂದು ಒಂದರ ಮೇಲೆ ಧೊಪ್ಪನೆ ಕೂತ, ಚೇಳು ಕುಟುಕಿದವನಂತೆ ಎದ್ದ. ಕುರ್ಚಿಯಿಂದ ಏನನ್ನೋ ಎತ್ತಿದ. ಅದರ ಒಂದು ಕಡ್ಡಿ ಜೋತುಬಿದ್ದು ಚಿನ್ನದಂತೆ ಹೊಳೆಯಿತು. ಆಚೀಚೆ ನೋಡಿದ. ಅದನ್ನು ಪಕ್ಕದ ಕುರ್ಚಿಯ ದಿಂಬಿನ ಕೆಳಗೆ ತುರುಕಿ, ಏನೂ ಅರಿಯದವನಂತೆ ನಡೆದುಹೋದ. ಸ್ವಲ್ಪ ಹೊತ್ತಿಗೆ ಚಿಕ್ಕಪ್ಪ ನಗುನಗುತ್ತ ಬಂದು ಅದೇ ದಿಂಬಿನ ಮೇಲೆ ಕೂತರು.

ಎಲ್ಲರ ತಲೆಗಳೂ ಗುಮಾಸ್ತರ ಕಡೆ ತಿರುಗಿದವು.

“ಬೆಳಕು ಸ್ವಲ್ಪ ಜಾಸ್ತಿ ಆಯ್ತೇನೋ,” ಎಂದು ಗುಮಾಸ್ತರು ಎದ್ದು ನಿಂತು ಗುಂಡಿ ಹುಡುಕಿದರು. ಹೆಂಡತಿ ರಿಮೋಟ್ ಕಿತ್ತುಕೊಂಡಳು.

“ಬಣ್ಣ ಬಹಳ ಚೆನ್ನಾಗಿದೆ. ಪ್ರೊಜೆಕ್ಟರ್ ಇಲ್ಲೇ ಇರ್ಲಿ. ಅಪ್ಪ, ಇನ್ನೊಂದ್ಸಲ ಹಾಕ್ತೀನಿ, ನೋಡಿ.”

ಮೊದಲು ನಕ್ಕವರು ಮಾವನವರು. ಆಮೇಲೆ ಮನೆಗೆ ಮನೆಯೇ ನಕ್ಕಿತು. ಚಿಕ್ಕಪ್ಪ ನಿಧಾನವಾಗಿ ಚಾಪೆಯಿಂದ ಎದ್ದರು, ಬಟ್ಟೆ ಕೊಡವಿಕೊಂಡರು, ಗುಮಾಸ್ತರ ಮೆತ್ತನೆಯ ಸೋಫಾದಲ್ಲಿ ಕಾಲು ಚಾಚಿ ಒರಗಿದರು. ಆಮೇಲೆ ಖಾಲಿ ಚಾಪೆಯ ಕಡೆ ಕೈ ತೋರಿಸಿದರು.

“ನೋಡ್ಕೊಂಡು ಕೂತ್ಕೊಳ್ಳಿ, ಅಳಿಯಂದಿರೇ.”