ಮೀನು ಗುರುತಿನ ಎಂಜಿನ್

ಹಾಲು ಕಾಯಿಸುವ ಪಾತ್ರೆಯಲ್ಲಿ ಎಂಜಿನ್ ಬೇಯಿಸಬಾರದು ಎಂದು ಬಾಲಣ್ಣನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದ ಕಾಲ ಬಂದೀತೆಂದು ಅವನ ಹೆಂಡತಿಯೂ ಅಂದುಕೊಂಡಿರಲಿಲ್ಲ. ಭಾನುವಾರ ಬೆಳಿಗ್ಗೆ ಅವಳು ಕಣ್ಣುಜ್ಜಿಕೊಳ್ಳುತ್ತ ಅಡುಗೆಮನೆಗೆ ಬಂದು ಮುಚ್ಚಳ ತೆಗೆದರೆ ಹಾಲಿನ ಸುಳಿವಿಲ್ಲ. ಕುದಿಯುವ ಕಂದು ನೀರಿನಲ್ಲಿ ನಿಂಬೆಹಣ್ಣಿನ ಗಾತ್ರದ ಕಪ್ಪು ಉಂಡೆಯೊಂದು ಕುಣಿಯುತ್ತಿತ್ತು.

“ರೀ, ಏನಿದು?”

“ಎಂಜಿನ್ನು,” ಎಂದ ಬಾಲಣ್ಣ. “ಇನ್ನೂ ಬೆಂದಿಲ್ಲ.”

ಹೆಂಡತಿ ಮುಂದೆ ಏನೆಂದಳು ಎಂಬುದನ್ನು ಇಲ್ಲಿ ಬರೆಯುವುದು ಬೇಡ. ಸಂಸಾರಸ್ಥರಿಗೆ ಅದು ಗೊತ್ತಿರುವ ಮಾತೇ.

ಬಾಲಣ್ಣನದು ಮುಖ್ಯಬೀದಿಯಲ್ಲಿ ಕನ್ನಡಕದಂಗಡಿ. ವಾರವಿಡೀ ಊರಿನವರ ಕಣ್ಣು ಪರೀಕ್ಷೆ ಮಾಡಿ, ಭಾನುವಾರ ಊರಾಚೆಯ ಬಯಲಿನಲ್ಲಿ ಪುಟ್ಟ ವಿಮಾನ ಹಾರಿಸುವವರ ಕ್ಲಬ್ಬಿಗೆ ಹೋಗುತ್ತಿದ್ದ. ನೆಲದ ಮೇಲೆ ನಿಂತು, ರೇಡಿಯೋ ಡಬ್ಬಿಯ ಕಡ್ಡಿ ಅಲ್ಲಾಡಿಸಿ, ಮೇಲಿರುವ ವಿಮಾನವನ್ನು ತಿರುಗಿಸುವ ದೊಡ್ಡವರ ಆಟ ಅದು. ಆದರೆ ಇವನು ಹಾರಿಸುವವನಲ್ಲ. ಎಂಜಿನ್ ಶುರು ಮಾಡುವಾಗ ವಿಮಾನ ಮುಂದಕ್ಕೆ ನುಗ್ಗದಂತೆ ಹಿಂದೆ ಮಂಡಿಯೂರಿ ಬಾಲ ಹಿಡಿಯಲು ಒಬ್ಬರು ಬೇಕಲ್ಲ, ಆ ಒಬ್ಬ ಇವನು. ಸೇರಿದ ಮೊದಲ ದಿನ ಯಾರೋ ‘ಸ್ವಲ್ಪ ಹಿಡ್ಕೊಳ್ಳಿ’ ಎಂದರು. ದಾಕ್ಷಿಣ್ಯದ ಪ್ರಾಣಿ, ಹಿಡಿದ. ಅಲ್ಲಿಂದಾಚೆ ಎಲ್ಲರ ಬಾಲವೂ ಅವನ ಪಾಲಿಗೇ ಬಂತು, ಅವನ ಹೆಸರೂ ಬಾಲಣ್ಣ ಎಂದೇ ಆಗಿಹೋಯಿತು. ಅಪ್ಪ ಅಮ್ಮ ಇಟ್ಟ ಹೆಸರು ಅಂಗಡಿಯ ಬೋರ್ಡಿನಲ್ಲಿ ಮಾತ್ರ ಉಳಿದಿತ್ತು.

ಹಾಗೆಂದು ಅವನಿಗೆ ಆಸೆ ಇರಲಿಲ್ಲವೆಂದಲ್ಲ. ಅಗಲ ರೆಕ್ಕೆಯ, ಸಾಧು ಸ್ವಭಾವದ ವಿಮಾನವೊಂದನ್ನು ಕೈಯಾರೆ ಕಟ್ಟಿ ಬೀರುವಿನ ಮೇಲಿಟ್ಟಿದ್ದ. ಅದಕ್ಕೆ ಎಂಜಿನ್ ಮಾತ್ರ ಇರಲಿಲ್ಲ. ಒಂದೇ ಒಂದು ಸಲ, ತಾನು ಮುಂದೆ ನಿಂತು ಎಂಜಿನ್ ಶುರು ಮಾಡಬೇಕು, ಇನ್ನೊಬ್ಬರು ಮಂಡಿಯೂರಿ ತನ್ನ ವಿಮಾನದ ಬಾಲ ಹಿಡಿಯಬೇಕು. ಇಷ್ಟೇ ಅವನ ಕನಸು. ಈ ಭಾನುವಾರ ಕ್ಲಬ್ಬಿನಲ್ಲಿ ಹಳೇ ಎಂಜಿನ್ನುಗಳನ್ನೇ ಹಾರಿಸುವ ದಿನ. ನಿನ್ನೆ ಗುಜರಿ ಅಂಗಡಿಯಲ್ಲಿ, ತುಕ್ಕು ಹಿಡಿದ ಬೋಲ್ಟುಗಳ ಬುಟ್ಟಿಯ ತಳದಲ್ಲಿ ಈ ಉಂಡೆ ಕಣ್ಣಿಗೆ ಬಿದ್ದಾಗ ಬಾಲಣ್ಣ ಚೌಕಾಸಿಯನ್ನೂ ಮಾಡದೆ ಕೊಂಡು ತಂದಿದ್ದ. ಆದರೆ ಕ್ಲಬ್ಬಿನ ನಿಯಮ ಕಟ್ಟುನಿಟ್ಟು. ಎಂಜಿನ್ ಯಾವುದು, ಎಲ್ಲಿಯದು ಎಂದು ಅಧ್ಯಕ್ಷರೆದುರು ಗುರುತು ಸಿಗಬೇಕು. ಗುರುತಿಲ್ಲದ ಎಂಜಿನ್ನಿಗೆ ಆಕಾಶವಿಲ್ಲ.

ಗುರುತು ಕಾಣಬೇಕಾದರೆ ಮೊದಲು ಕೊಳೆ ಬಿಡಬೇಕು. ಈ ಹಳೇ ಎಂಜಿನ್ನುಗಳ ಇಂಧನಕ್ಕೆ ಹರಳೆಣ್ಣೆ ಬೆರೆಸುತ್ತಾರೆ. ಅದು ವರ್ಷಗಟ್ಟಲೆ ಒಣಗಿ, ಒಳಗೂ ಹೊರಗೂ ಅಂಟಾಗಿ ಹಿಡಿದು, ಎಂಜಿನ್ನಿನ ದಂಡ ಜಪ್ಪಯ್ಯ ಅಂದರೂ ತಿರುಗುತ್ತಿರಲಿಲ್ಲ.

ಹಜಾರದ ಕುರ್ಚಿಯಲ್ಲಿ ಕೂತಿದ್ದ ಅತ್ತೆ, ಅಂದರೆ ಹೆಂಡತಿಯ ತಾಯಿ, ಒಮ್ಮೆ ಮೂಗೆತ್ತಿ ವಾಸನೆ ನೋಡಿದರು. ಅವರು ಈ ಮನೆಗೆ ಬಂದು ನೆಲೆಸಿ ಬಹಳ ಕಾಲವಾಗಿತ್ತು. ಅಳಿಯನ ಮೇಲೆ ಅವರಿಗೆ ಸಿಟ್ಟಿರಲಿಲ್ಲ, ಅಂಥ ದೊಡ್ಡ ಅಭಿಪ್ರಾಯವೂ ಇರಲಿಲ್ಲ.

“ನೀರಲ್ಲಿ ಬೇಯಿಸಿದ್ರೆ ಅದು ಬಿಡಲ್ಲ ಕಣೇ,” ಎಂದರು ಮಗಳಿಗೆ. “ಒಣ ಬಾಣಲೆಲಿಟ್ಟು, ಮುಚ್ಚಿ ಕಾಯಿಸ್ಲಿ.”

ಹಾಲಿನ ಪಾತ್ರೆ ಉಳಿಸಿಕೊಳ್ಳಲು ತಾಯಿ ಮಗಳು ಹೂಡಿದ ಉಪಾಯ ಇದು ಎಂದುಕೊಂಡ ಬಾಲಣ್ಣ. ಆದರೂ ಮನೆಯ ಶಾಂತಿಗಾಗಿ ಹಾಗೇ ಮಾಡಿದ. ಸ್ವಲ್ಪ ಹೊತ್ತಿಗೆ ಬಾಣಲೆಯಿಂದ ಹೊಗೆ ಎದ್ದಿತು. ಬಟ್ಟೆಯಲ್ಲಿ ಹಿಡಿದು ತಿರುಗಿಸಿದರೆ, ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ದಂಡ ತಿರುಗಿತು. ಅವನ ಕಣ್ಣಲ್ಲಿ ನೀರು ಬಂತು, ಅರ್ಧ ಸಂತೋಷಕ್ಕೆ, ಅರ್ಧ ಹೊಗೆಗೆ.

ಹೊಗೆ ಮಹಡಿಗೂ ಹೋಯಿತು. ಮಹಡಿಯಲ್ಲಿದ್ದವರು ತೂಕ ಮತ್ತು ಅಳತೆ ಇಲಾಖೆಯಿಂದ ನಿವೃತ್ತರಾದ ಸಾಹೇಬರು. ಅಳೆಯಲು ಏನೂ ಸಿಗದೆ ದಿನ ದೂಡುವುದೇ ಅವರಿಗೆ ಕಷ್ಟವಾಗಿತ್ತು. ಬೆಂಕಿ ಬಿದ್ದಿದೆಯೇನೋ ಎಂದು ಕೆಳಗಿಳಿದವರು ಎಂಜಿನ್ ನೋಡಿ, ಮತ್ತೆ ಮೇಲೆ ಹೋಗಿ, ತಮ್ಮ ಅಳತೆಯ ಪೆಟ್ಟಿಗೆ ಹೊತ್ತು ತಂದರು. ಉದ್ದ, ಅಗಲ, ತೂಕ ಎಲ್ಲ ನೋಡಿ, ಮುದ್ರೆ ಇಲ್ಲದ ವಸ್ತುಗಳನ್ನು ತಾವು ಸರ್ವಿಸಿನಲ್ಲಿ ರಾಶಿರಾಶಿ ಜಪ್ತಿ ಮಾಡಿದ್ದನ್ನು ವಿವರಿಸಿದರು. ಬಾಲಣ್ಣನ ಮುಖ ಇಳಿಯಿತು. ಹೆಸರಿಲ್ಲ, ಅಂಕಿಯಿಲ್ಲ. ಎಂಜಿನ್ನಿನ ಹಿಂಬದಿಯ ಮುಚ್ಚಳವನ್ನು ಕೊನೆಯದಾಗಿ ಉಜ್ಜಿದಾಗ ಮಾತ್ರ ನಾಲ್ಕೈದು ಗೀರುಗಳು ಕಂಡವು. ದುಂಡನೆಯ ಮೈ, ಒಂದು ಕಣ್ಣು, ಚೂಪಾದ ಬಾಲ.

“ಮೀನು,” ಎಂದರು ಸಾಹೇಬರು. “ಮುದ್ರೆ ಇದೆ. ಇದು ಕಾನೂನುಬದ್ಧ ಎಂಜಿನ್ನು.”

ಇನ್ನು ಕೂರಿಸುವ ಕೆಲಸ. ವಿಮಾನದ ಮೂಗಿನಲ್ಲಿ ಎರಡು ಗಟ್ಟಿ ಮರದ ಪಟ್ಟಿಗಳಿರುತ್ತವೆ, ಎಂಜಿನ್ನಿನ ಎರಡು ಕಿವಿಗಳನ್ನು ಅವುಗಳ ಮೇಲಿಟ್ಟು ಬೋಲ್ಟು ಹಾಕಬೇಕು. ಸಾಹೇಬರು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಅಳೆದು ಕೊಟ್ಟರು, ಬಾಲಣ್ಣ ಅಷ್ಟೇ ಶ್ರದ್ಧೆಯಿಂದ ತೂತು ಕೊರೆದ. ವಿಮಾನ ಆಗ ತಲೆಕೆಳಗಾಗಿ ಇತ್ತೆಂಬುದು ಇಬ್ಬರಿಗೂ ಆಮೇಲೆ ತಿಳಿಯಿತು. ತಪ್ಪಿದ ತೂತುಗಳಿಗೆ ಬೆಂಕಿಕಡ್ಡಿ ತುರುಕಿ ಅಂಟು ಹಾಕಿ, ಹೊಸದಾಗಿ ಕೊರೆದದ್ದಾಯಿತು. ಎಂಜಿನ್ ಕೂತ ಮೇಲೆ ವಿಮಾನ, ಸಾಲ ಕೊಟ್ಟವನನ್ನು ಕಂಡವನ ಹಾಗೆ ಮೂಗು ನೆಲಕ್ಕಿಟ್ಟಿತು. ಹಳೇ ಎಂಜಿನ್ನು, ಭಾರ ಜಾಸ್ತಿ. ಅದನ್ನು ಸರಿದೂಗಿಸಲು ಸಾಹೇಬರು ತಮ್ಮ ಪೆಟ್ಟಿಗೆಯಿಂದ ಚಿಕ್ಕ ಹಿತ್ತಾಳೆ ತೂಕದ ಬಟ್ಟೊಂದನ್ನು ತೆಗೆದು, ಮಗಳನ್ನು ಗಂಡನ ಮನೆಗೆ ಕಳಿಸುವವರಂತೆ ಒಮ್ಮೆ ಸವರಿ, ಬಾಲಕ್ಕೆ ಕಟ್ಟಿದರು.

ಹಿತ್ತಲಲ್ಲಿ ಪರೀಕ್ಷೆ ನಡೆಯಿತು. ಸಾಹೇಬರೇ ಬಾಲ ಹಿಡಿದರು. ಆದರೆ ಬಾಲಣ್ಣನ ಕನಸಿಗೆ ಹಿತ್ತಲಿನದು ಲೆಕ್ಕಕ್ಕಿಲ್ಲ, ನೋಡುವವರು ಬೇಕಲ್ಲ. ಬಾಲಣ್ಣ ಮುಂದಿನ ಫ್ಯಾನಿಗೆ ಬೆರಳಿಟ್ಟು ತಟ್ಟಿದ, ಮತ್ತೆ ತಟ್ಟಿದ, ಬೆರಳು ಊದುವ ತನಕ ತಟ್ಟಿದ. ಇದ್ದಕ್ಕಿದ್ದಂತೆ ಎಂಜಿನ್ ಕಿರುಚಿಕೊಂಡು ಎದ್ದಿತು. ಆದರೆ ಈ ಜಾತಿಯ ಎಂಜಿನ್ನಿಗೆ ಎಡ ಬಲವೆಂಬ ಭೇದವಿಲ್ಲ. ತಪ್ಪಾಗಿ ಎದ್ದರೆ ಉಲ್ಟಾ ತಿರುಗುತ್ತದೆ, ವಿಮಾನ ಹಿಂದಕ್ಕೆ ಹೋಗುತ್ತದೆ. ಮುಂದಕ್ಕೆ ಎಳೆದೀತೆಂದು ಬಾಲವನ್ನು ತಮ್ಮತ್ತ ಜಗ್ಗಿ ಹಿಡಿದಿದ್ದ ಸಾಹೇಬರು, ವಿಮಾನವೂ ಅತ್ತಲೇ ನುಗ್ಗಿದ್ದರಿಂದ, ಅದನ್ನು ಎದೆಗವಚಿಕೊಂಡು ಹಿಂದೆ ಹಿಂದೆ ಹೆಜ್ಜೆ ಹಾಕುತ್ತ, ಒಣಹಾಕಿದ್ದ ಸೀರೆಗಳ ನಡುವೆ ಮರೆಯಾಗಿ, ಬಟ್ಟೆ ನೆನೆಸಿದ್ದ ತೊಟ್ಟಿಯಲ್ಲಿ ಕೂತರು. ಅಷ್ಟಾದರೂ ವಿಮಾನವನ್ನು ತಲೆಯ ಮೇಲೆತ್ತಿ ಹಿಡಿದಿದ್ದರು, ಪುಣ್ಯಾತ್ಮರು. ಇಂಧನ ಮುಗಿಯುವ ತನಕ ಎಂಜಿನ್ ಅವರ ತಲೆಯ ಮೇಲೆ ಹರಳೆಣ್ಣೆ ಸಿಂಪಡಿಸಿತು. ಬಟ್ಟೆ ಬದಲಿಸಿ ಬರುತ್ತೇನೆಂದು ಹೋದವರು ಆ ದಿನ ಮತ್ತೆ ಕಾಣಲಿಲ್ಲ.

ಮಧ್ಯಾಹ್ನ ಬಯಲಿಗೆ ಹೊರಟಾಗ ಅತ್ತೆ ತಾವೂ ಬರುವುದಾಗಿ ಹೇಳಿ ಎಲ್ಲರಿಗಿಂತ ಮೊದಲು ಕಾರಿನಲ್ಲಿ ಕೂತಿದ್ದರು. ಮನೆಯಲ್ಲಿ ಕೂತು ಆ ಹೊಗೆ ಕುಡಿಯುವುದಕ್ಕಿಂತ ಬಯಲಿನ ಗಾಳಿ ವಾಸಿಯಂತೆ. ರೆಕ್ಕೆಯನ್ನು ಅವರ ತೊಡೆಯ ಮೇಲಿಡದೆ ಬೇರೆ ಜಾಗವಿರಲಿಲ್ಲ. ಅವರು ಬೇಡವೆನ್ನಲಿಲ್ಲ.

ಕ್ಲಬ್ಬಿನ ಅಧ್ಯಕ್ಷರು ಊರಿನ ಹಲ್ಲಿನ ಡಾಕ್ಟರು. ‘ಗೊತ್ತಿಲ್ಲ’ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ. ಅವರು ಜೇಬಿನಿಂದ ಪುಟ್ಟ ಹಲ್ಲಿನ ಕನ್ನಡಿ ತೆಗೆದು, ಹೊಗೆ ಬಿಡುವ ಕಂಡಿಯೊಳಗೆ ತೂರಿಸಿ ನೋಡಿದರು. ಬೆನ್ನ ಹಿಂದೆ ಇಡೀ ಕ್ಲಬ್ಬು ಕತ್ತು ಚಾಚಿ ನಿಂತಿತ್ತು. ಅಧ್ಯಕ್ಷರು ಎಂಜಿನ್ ತಿರುಗಿಸಿದರು, ಹಿಂಬದಿಯ ಗೀರುಗಳನ್ನು ಕಂಡು ಹುಬ್ಬೇರಿಸಿದರು.

“ಮೀನು ಗುರುತು. ಇದು ನಿಮಗೆ ಹೇಗ್ರೀ ಸಿಕ್ತು, ಬಾಲಣ್ಣ?”

ಆಮೇಲೆ ಅವರು ಮಾತಾಡಿದ್ದೇ ಮಾತಾಡಿದ್ದು. ಸಮುದ್ರತೀರದ ಯಾವುದೋ ಊರಿನಲ್ಲಿ ಇಬ್ಬರು ಅಣ್ಣತಮ್ಮಂದಿರು ಸಣ್ಣ ಕಾರ್ಖಾನೆ ಇಟ್ಟಿದ್ದರಂತೆ, ಬೆರಳೆಣಿಕೆಯಷ್ಟು ಎಂಜಿನ್ ಮಾಡಿದ್ದರಂತೆ, ಒಂದೊಂದಕ್ಕೂ ಕೈಯಾರೆ ಮೀನಿನ ಗುರುತು ಕೊರೆಯುತ್ತಿದ್ದರಂತೆ, ಕೊನೆಗೆ ಜಗಳವಾಡಿ ಬೀಗ ಹಾಕಿದರಂತೆ. ಸದಸ್ಯರೆಲ್ಲ ತಲೆಯಾಡಿಸಿದರು. ಒಬ್ಬರಿಗೆ ಆ ಅಣ್ಣನ ವಿಷಯ ಮೊದಲೇ ಕೇಳಿದ ನೆನಪಿತ್ತು, ಇನ್ನೊಬ್ಬರಿಗೆ ಜಗಳದ ಕಾರಣವೂ ಗೊತ್ತಿತ್ತು. ಗುರುತು ಸಿಕ್ಕಿತೆಂದು ಅಧ್ಯಕ್ಷರು ಘೋಷಿಸಿಯೇ ಬಿಟ್ಟರು. ಅಷ್ಟೇ ಅಲ್ಲ, ಇಂಥ ಎಂಜಿನ್ನಿನ ಹಿಂದೆ ಮಂಡಿಯೂರುವುದು ತಮ್ಮ ಭಾಗ್ಯವೆಂದು ಹೇಳಿ, ಇಸ್ತ್ರಿ ಮಾಡಿದ ಪ್ಯಾಂಟನ್ನೂ ಲೆಕ್ಕಿಸದೆ ಹುಲ್ಲಿನ ಮೇಲೆ ಒಂದು ಮಂಡಿ ಊರಿದರು. ಬಾಲಣ್ಣನ ಜನ್ಮ ಸಾರ್ಥಕವಾಗಲು ಇನ್ನೊಂದು ಮಂಡಿ ಮಾತ್ರ ಬಾಕಿ ಇತ್ತು.

“ಸ್ವಲ್ಪ ಇಲ್ಲಿ ಕೊಡಿ ನೋಡೋಣ,” ಎಂಬ ದನಿ ಕೇಳಿತು.

ಅತ್ತೆ ಕಾರಿನಿಂದಿಳಿದು ಬಂದಿದ್ದರು. ಮಗಳ ಕೈ ಬಿಡಿಸಿಕೊಂಡು, ಕನ್ನಡಕವನ್ನು ಹಣೆಗೇರಿಸಿ, ವಿಮಾನದ ಮೂಗಿನ ಹತ್ತಿರ ಮುಖ ತಂದರು. ಬಹಳ ಹೊತ್ತು ನೋಡಿದರು.

“ಇದು ಮೀನಲ್ಲ, ಬೆಕ್ಕು.”

ಅಧ್ಯಕ್ಷರು ಮುಗುಳ್ನಕ್ಕು, ಅಮ್ಮಾವ್ರೇ, ಇದು ಪ್ರಸಿದ್ಧ ಗುರುತು ಎಂದು ವಿನಯದಿಂದ ತಿಳಿಸಿದರು.

“ಪ್ರಸಿದ್ಧವೋ ಏನೋ ಕಾಣೆ. ನಾನೇ ಕೈವಾರದ ಮೊನೇಲಿ ಕೊರೆದದ್ದು. ನಮ್ಮ ಮನೆ ಬೆಕ್ಕು ಹೀಗೇ ಮಲಗ್ತಿತ್ತು. ಕಾಲು ಬರೆಯೋಕೆ ನಂಗೆ ಬರ್ತಿರಲಿಲ್ಲ.”

ಅತ್ತೆ ಯಾರ ಮುಖವನ್ನೂ ನೋಡದೆ ಹೇಳುತ್ತ ಹೋದರು. ಚಿಕ್ಕ ಹುಡುಗಿಯಾಗಿದ್ದ ಅವರಿಗೆಂದು ಅವರ ಸೋದರಮಾವ ಈ ಎಂಜಿನ್ ಕೂರಿಸಿ ವಿಮಾನ ಮಾಡಿಕೊಟ್ಟಿದ್ದರು. ಆಗ ರೇಡಿಯೋ ಗೀಡಿಯೋ ಇರಲಿಲ್ಲ. ಎಂಜಿನ್ ಶುರು ಮಾಡಿ, ಬಿಟ್ಟು, ಅದು ಹೋದ ಕಡೆ ಹಿಂದೆ ಓಡುವುದು. ಒಂದು ಸಂಜೆ ಗಾಳಿ ಎತ್ತಿಕೊಂಡು ಹೋಯಿತು, ವಿಮಾನ ಇಳಿಯಲೇ ಇಲ್ಲ. ಕತ್ತಲಾಗುವ ತನಕ ಹುಡುಕಿದ್ದರು. ಇದೆಲ್ಲ ಹೇಳಿ ಮುಗಿಸಿ ಅವರು ಎಂಜಿನ್ನಿನ ಮೇಲೆ ಕೈಯಿಟ್ಟರು. ತಾಯಿಯನ್ನು ಇಷ್ಟು ವರ್ಷ ಕಂಡಿದ್ದ ಮಗಳಿಗೇ ಈ ಕತೆ ಗೊತ್ತಿರಲಿಲ್ಲ, ಅವಳು ಬಾಯಿ ಬಿಟ್ಟುಕೊಂಡು ನಿಂತಿದ್ದಳು.

ಅಣ್ಣತಮ್ಮಂದಿರ ಕಾರ್ಖಾನೆಯ ಬಗ್ಗೆ ಯಾರೂ ಚಕಾರವೆತ್ತಲಿಲ್ಲ. ಅಧ್ಯಕ್ಷರು ಹರಳೆಣ್ಣೆ ಕುಡಿದವರ ಮುಖ ಮಾಡಿಕೊಂಡು ಎದ್ದು, ಮಂಡಿಯ ಹುಲ್ಲು ಕೊಡವಿಕೊಂಡರು. ಆದರೂ ಅಧ್ಯಕ್ಷರಲ್ಲವೇ, ತಕ್ಷಣ ಸುಧಾರಿಸಿಕೊಂಡರು. ಎಂಜಿನ್ನಿನ ಒಡೆಯರೇ ಬಂದು ಗುರುತು ಹಿಡಿದ ಮೇಲೆ ಇದಕ್ಕಿಂತ ಗಟ್ಟಿ ಗುರುತು ಬೇಕೇ ಎಂದರು.

ಬಾಲಣ್ಣ ಅತ್ತೆಯ ಮುಖ ನೋಡಿದ. ಮಾತಿಗೊಂದು ಮಾತು, ಬರೀ ಮರ್ಯಾದೆಗೆ, ಬೇಡವೆಂದೇ ಅನ್ನುತ್ತಾರೆಂಬ ಧೈರ್ಯದ ಮೇಲೆ ಕೇಳಿದ.

“ಅತ್ತೆ, ನೀವೇ ಸ್ಟಾರ್ಟ್ ಮಾಡ್ತೀರಾ?”

“ಮಾಡ್ತೀನಿ,” ಎಂದರು ಅತ್ತೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ.

ಎಂಜಿನ್ನಿನ ಕಂಡಿಗೆ ಎರಡು ಹನಿ ಇಂಧನ ಬಿಟ್ಟರು. ಅದರ ನೆತ್ತಿಯಲ್ಲಿದ್ದ, ಬಿಗಿ ಹೊಂದಿಸುವ ಕಡ್ಡಿಯನ್ನು ಚೂರು ತಿರುಗಿಸಿದರು. ಇನ್ನೊಂದು ಕೈಯನ್ನು ಅಧ್ಯಕ್ಷರತ್ತ ಚಾಚಿ, ಹಾರಿದ ಮೇಲೆ ಆ ಡಬ್ಬಿ ತಮಗೆ ಬೇಕೆಂದೂ, ಯಾವ ಕಡ್ಡಿ ಯಾವುದಕ್ಕೆ ಎಂದು ಪಕ್ಕದಲ್ಲೇ ನಿಂತು ಹೇಳಿಕೊಡಬೇಕೆಂದೂ ತಿಳಿಸಿದರು. ಅಧ್ಯಕ್ಷರು ರೇಡಿಯೋ ಡಬ್ಬಿ ಹಿಡಿದು ವಿದ್ಯಾರ್ಥಿಯ ಹಾಗೆ ಓಡಿಬಂದು ನಿಂತರು. ಇನ್ನು ಬಾಲ. ಇಡೀ ಕ್ಲಬ್ಬು ಅಭ್ಯಾಸಬಲದಿಂದ ಒಂದೇ ಕಡೆ ನೋಡಿತು, ಅಷ್ಟೇ. ಬಾಲಣ್ಣ ಹೋಗಿ, ತನ್ನ ಕೈಯಾರೆ ಕಟ್ಟಿದ ವಿಮಾನದ ಹಿಂದೆ ಎರಡೂ ಮಂಡಿಯೂರಿದ.

ಒಂದೇ ಏಟಿಗೆ ಎಂಜಿನ್ ಎದ್ದಿತು, ಸರಿಯಾದ ದಿಕ್ಕಿಗೇ ಎದ್ದಿತು. ಹಳೇ ಎಂಜಿನ್ನು ಉಗುಳಿದ ಎಣ್ಣೆಯೆಲ್ಲ ಹಿಂದೆ ಕೂತವನ ಮುಖಕ್ಕೆ ರಾಚಿತು. ಬಿಡಿ ಎಂದರು ಅತ್ತೆ, ಬಿಟ್ಟ. ಇಡೀ ಊರಿಗೆ ಕಣ್ಣು ಕಾಣಿಸುವ ಹಾಗೆ ಮಾಡಿದ ಮನುಷ್ಯನಿಗೆ ತನ್ನ ವಿಮಾನ ಮೊದಲ ಸಲ ನೆಲ ಬಿಟ್ಟದ್ದು ಕಾಣಲಿಲ್ಲ. ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿಕೊಳ್ಳುತ್ತ ಅವನು ಕಿವಿಯಲ್ಲೇ ಅದನ್ನು ಹಿಂಬಾಲಿಸಿದ. ಸದ್ದು ಏರಿತು, ತಿರುಗಿತು, ತಲೆಯ ಮೇಲೆ ಹಾದುಹೋಯಿತು. ಯಾರೋ ಹುಡುಗಿಯ ಹಾಗೆ ಕಿಲಕಿಲ ನಗುತ್ತಿದ್ದರು. ಒರೆಸಿದ ಕನ್ನಡಕ ಹಾಕಿಕೊಂಡು ನೋಡಿದರೆ, ನಗುತ್ತಿದ್ದವರು ಡಬ್ಬಿ ಹಿಡಿದು ನಿಂತ ಅತ್ತೆ. ಬಾಲಣ್ಣನಿಗೂ ನಗು ಬಂತು.

ಏಳೋಣವೆಂದು ಅವನು ನೆಲಕ್ಕೆ ಕೈಯೂರಿದ.

“ಅಳಿಯಂದ್ರೇ, ಏಳ್ಬೇಡಿ,” ಎಂದರು ಅತ್ತೆ, ಆಕಾಶದಿಂದ ಕಣ್ಣು ತೆಗೆಯದೆ. “ಇಳಿದ ತಕ್ಷಣ ಇನ್ನೊಂದ್ಸಲ ಬಿಡ್ಬೇಕು.”