ತಮ್ಮನ ರಾಜ್ಯಕ್ಕೆ ನನ್ನ ಕತ್ತರಿ

ನಾನು ನನ್ನ ತಮ್ಮನ ಹತ್ತಿರ ಕ್ಷಮೆ ಕೇಳಬೇಕಾಗಿತ್ತು. ಕೇಳಲಿಲ್ಲ. ಅದರ ಬದಲು ಅವನಿಗೊಂದು ಶರ್ಟು ಹೊಲಿದುಕೊಟ್ಟೆ. ಅದೂ ಕತ್ತಿನ ಹತ್ತಿರ ಬಿಗಿ. ಅಳತೆ ತೆಗೆದುಕೊಳ್ಳದೆ ಹೊಲಿದದ್ದು. ಅಳತೆ ತೆಗೆಯಬೇಕಾದರೆ ಎದುರು ನಿಂತು ಮುಖ ನೋಡಬೇಕಲ್ಲ! ಪುಣ್ಯಾತ್ಮ ಅದನ್ನೇ ತೊಟ್ಟುಕೊಂಡು, ಬೇಲಿಯಾಚೆ ಇಣುಕುವ ಕೋಳಿಯ ಹಾಗೆ ಕತ್ತೆತ್ತಿಕೊಂಡು ಕೆಲಸಕ್ಕೆ ಹೋಗಿಬಂದ.

ಈ ಪುಣ್ಯಾತ್ಮ ಯಾರೆಂದರೆ, ಕೊಳ್ಳೇಗಾಲದಲ್ಲಿ ಬಾಡಿಗೆ ಮನೆಯ ಮಹಡಿಯ ಮೇಲೆ ಸ್ವಂತದ್ದೊಂದು ರಾಜ್ಯ ಇಟ್ಟುಕೊಂಡಿರುವ ಒಬ್ಬನೇ ಮನುಷ್ಯ. ವಾರವೆಲ್ಲ ಕುಂತೂರಿನ ಕಾರ್ಖಾನೆಯಲ್ಲಿ ಕಬ್ಬಿನ ಟ್ರಾಕ್ಟರುಗಳನ್ನು ತೂಕಕ್ಕೆ ಹಾಕುತ್ತಾನೆ. ಭಾನುವಾರ ಬಂತೆಂದರೆ ಅವನೇ ರಾಜ, ರಾಜನನ್ನು ಕೊಲ್ಲಲು ಬಂದವನೂ ಅವನೇ, ಕೊಲ್ಲಲು ಬಂದವನಿಗೆ ಅಡ್ಡವಾದ ನದಿಯೂ ಅವನೇ, ನದಿಯಲ್ಲಿರುವ ಮೊಸಳೆಯೂ ಅವನೇ!

ಮೈಸೂರಿನ ಹಾಸ್ಟೆಲಿನಲ್ಲಿ ಓದುವಾಗ ಕಲಿತುಬಂದ ಆಟವಂತೆ. ನಾಲ್ಕು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬೊಬ್ಬರೂ ಒಂದೊಂದು ಪಾತ್ರ ಹಿಡಿಯುತ್ತಾರೆ. ಇವನು ಕತೆ ಹೇಳುತ್ತಾ ಹೋಗಿ, ಸಿಕ್ಕಿಬೀಳುವ ಜಾಗಕ್ಕೆ ತಂದು ನಿಲ್ಲಿಸಿ, ‘ಈಗ ಏನ್ ಮಾಡ್ತೀಯೆ?’ ಅನ್ನುತ್ತಾನೆ. ಅವರು ಹೇಳಿದ್ದು ಆಗುತ್ತದೋ ಇಲ್ಲವೋ ಅನ್ನುವುದನ್ನು ದಾಳ ಹೇಳುತ್ತದೆ. ದಾಳವೋ, ಅದಕ್ಕೆ ಎಣಿಸಲಾರದಷ್ಟು ಮುಖ. ನಾನು ಮೊದಲು ಅದನ್ನು ಕುಪ್ಪಸದ ಅಲಂಕಾರಕ್ಕೆ ತಂದ ಮಣಿ ಅಂದುಕೊಂಡಿದ್ದೆ.

“ಕೊನೇಲಿ ಗೆಲ್ಲೋರು ಯಾರ್ಲಾ?” ಎಂದು ಕೇಳಿದೆ.

“ಯಾರೂ ಗೆಲ್ಲಲ್ಲ ಕಣಕ್ಕ.”

“ಮತ್ಯಾಕ್ಲಾ ಆಡದು?”

“ಮುಂದೇನಾದ್ದು ಅಂತ ನೋಡಕ್ಕೆ.”

ಮುಂದೇನಾಗುತ್ತದೆ ಅಂತ ನೋಡಲು ಮಹಡಿ ಹತ್ತಬೇಕೇ? ನನಗಂತೂ ಕೆಳಗೇ ಕಾಣುತ್ತಿತ್ತು. ಹುಚ್ಚು ಮೇಜಿನಿಂದ ಇಳಿದು ಅಡುಗೆಮನೆಗೂ ಬಂತು. ಬೇಳೆ ತರಲು ಹೇಳಿದರೆ ದಾಳ ಉರುಳಿಸಿ, ‘ಎರಡು ಬಿತ್ತು, ದಾರೀಲಿ ಕಾಡಾನೆ ಅಡ್ಡ ಬಂದದೆ’ ಅನ್ನುವುದು! ಅಂಗಡಿ ಇರುವುದು ಎದುರು ಮನೆಯಲ್ಲಿ.

ಅವನನ್ನು ಹನೂರಿಗೆ ಹೆಣ್ಣು ನೋಡಲು ಕರೆದುಕೊಂಡು ಹೋಗಿದ್ದೆ. ಹುಡುಗಿಯ ಅಪ್ಪ ಮರ್ಯಾದೆಗೆಂದು, ರಜಾ ದಿನ ಏನು ಮಾಡುತ್ತೀರಿ ಎಂದು ಕೇಳಿದರು. ಯಾರಾದರೂ ನಿಜ ಹೇಳುತ್ತಾರೆಯೇ? ಇವನು ಉಪ್ಪಿಟ್ಟಿನ ತಟ್ಟೆಯನ್ನು ಬೆಟ್ಟ ಮಾಡಿ, ನೀರಿನ ಲೋಟವನ್ನು ಕೋಟೆ ಮಾಡಿ, ತಾನು ಕಳೆದ ಭಾನುವಾರ ರಾಕ್ಷಸನ ಹೆಂಡತಿಯಾಗಿ ಹೇಗೆ ಅತ್ತಿದ್ದನೆಂದು ಅತ್ತು ತೋರಿಸಿದ. ಹುಡುಗಿ ಬಾಗಿಲ ಹಿಂದೆ ನಕ್ಕಿದ್ದು ನನಗೆ ಕೇಳಿಸಿತು. ಅವರಪ್ಪ ನಗಲಿಲ್ಲ. ಆಮೇಲೆ ಆ ಮನೆಯಿಂದ ಸುದ್ದಿಯೂ ಬರಲಿಲ್ಲ. ಹನೂರಿನಿಂದ ವಾಪಸ್ಸು ಬರುವ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ತಿರುಗಿ ಕೂತಿದ್ದೆ.

ಇಂಥವನ ಆಟಕ್ಕೆ ಜನ ಸಿಗುತ್ತಾರಲ್ಲ, ಅದು ಇನ್ನೂ ಸೋಜಿಗ! ಯಳಂದೂರಿನಿಂದ ಒಬ್ಬ ನರ್ಸಮ್ಮ ಬರುತ್ತಾಳೆ. ಆಸ್ಪತ್ರೆಯಲ್ಲಿ ಚಿನ್ನದಂಥವಳು, ಆಟದಲ್ಲಿ ಜೇಬುಗಳ್ಳಿ. ಯಾಕಮ್ಮಾ ಎಂದರೆ, ವಾರವೆಲ್ಲ ಇನ್ನೊಬ್ಬರ ನೋವು ನೋಡುವವಳಿಗೆ ಒಂದು ದಿನವಾದರೂ ಕೆಟ್ಟವಳಾಗಬೇಕು ಅನ್ನಿಸುತ್ತದಂತೆ. ಮಾರ್ಟಳ್ಳಿಯ ಹುಡುಗನೊಬ್ಬ ಮಂತ್ರವಾದಿ. ತಮಿಳಿನಲ್ಲಿ ಮಂತ್ರ ಹಾಕುತ್ತಾನೆ, ಎಲ್ಲರೂ ನಡುಗುತ್ತಾರೆ. ನಾನು ಚಹಾ ಕೊಡಲು ಹೋದಾಗ ಕಿವಿಗೊಟ್ಟು ಕೇಳಿದೆ: ಉಪ್ಪು, ಹುಣಸೆ, ಮೆಣಸಿನಕಾಯಿ. ಅವರಮ್ಮ ಹೇಳಿದ ಸಾಮಾನು! ಮೂರನೆಯವರು ನಿವೃತ್ತ ಬಸ್ ಕಂಡಕ್ಟರು. ಅವರದು ಮಹಾವೀರನ ಪಾತ್ರ. ಆದರೆ ಗುಹೆ ಹೊಕ್ಕ ಕೂಡಲೇ ಅಭ್ಯಾಸಬಲದಿಂದ, ಒಳಗೆ ಜಾಗ ಇದೆ, ಮುಂದಕ್ಕೆ ಹೋಗಿ ಎಂದು ವೀರರನ್ನೆಲ್ಲ ತಳ್ಳಿ ಹುಲಿಯ ಬಾಯಿಗೆ ಹಾಕುತ್ತಾರೆ.

ನಾನು ಚಹಾದ ತಟ್ಟೆಯನ್ನು ಹೊಸಿಲ ಮೇಲಿಟ್ಟು ಇಳಿದುಬಿಡುತ್ತಿದ್ದೆ. ‘ಬಾಕ್ಕ, ಕೂತ್ಕೊ’ ಎಂದು ಅವನು ಪ್ರತಿ ಭಾನುವಾರ ಕರೆಯುತ್ತಿದ್ದ. ಕೆಲಸ ಇದೆ ಅನ್ನುತ್ತಿದ್ದೆ. ಇದ್ದದ್ದು ಕೆಲಸವಲ್ಲ, ಹೊಟ್ಟೆಕಿಚ್ಚು. ಅಪ್ಪ ತೀರಿಕೊಂಡ ಮೇಲೆ ಏಳನೇ ಕ್ಲಾಸಿಗೆ ನನ್ನ ಓದು ನಿಂತಿತು, ಹೊಲಿಗೆ ಮೆಷಿನ್ನು ಶುರುವಾಯಿತು. ಅವನು ಮೈಸೂರಿಗೆ ಹೋದ. ನನ್ನ ಪೆಡಲ್ಲಿನ ಮೇಲೆ ಓದಿದವನು ಕಲಿತುಬಂದದ್ದು ಇದನ್ನೇ? ನನಗೆ ಸಿಕ್ಕಿದ್ದು ಒಂದೇ ಪಾತ್ರ. ಅದನ್ನು ಬದಲಾಯಿಸಲು ಯಾವ ದಾಳವನ್ನೂ ಯಾರೂ ನನ್ನ ಕೈಗೆ ಕೊಟ್ಟಿರಲಿಲ್ಲ. ಕೊಡಲು ಬಂದವನಿಗೆ ಕೆಲಸ ಇದೆ ಅಂದವಳೂ ನಾನೇ, ಅದು ಬೇರೆ ಮಾತು.

ಹಬ್ಬದ ಹೊಲಿಗೆ ತುಂಬಿದ್ದ ಒಂದು ಭಾನುವಾರ ಚಹಾ ಹಿಡಿದು ಮೆಟ್ಟಿಲು ಹತ್ತುವಾಗ ಮೇಲಿನಿಂದ ನನ್ನದೇ ದನಿ ಕೇಳಿಸಿತು. ನಾನು ತುಟಿಯ ಮೂಲೆಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುವವಳು. ಮಾತೆಲ್ಲ ಒಂದೇ ಕಡೆಯಿಂದ ಸೋರುತ್ತದೆ. ತಮ್ಮ ಹಾಗೇ ಬಾಯಿ ಸೊಟ್ಟ ಮಾಡಿಕೊಂಡು ಬೈಯುತ್ತಿದ್ದ: “ಮೊನ್ನೆ ತಾನೇ ಒಲ್ದು ಕಳಿಸಿವ್ನಿ, ಇವತ್ತು ಅರ್ಕಂಡು ಬಂದೀರಲ್ಲ, ನಿಮ್ಗೇನು ಮನೆ ಮಠ ಇಲ್ವಾ?” ಮೂವರೂ ಬಿದ್ದು ಬಿದ್ದು ನಗುತ್ತಿದ್ದರು.

ನಾನು ಚಹಾ ಸಮೇತ ಕೆಳಗಿಳಿದೆ. ಮುಂದೇನು ಹೇಳಿದ ಎಂದು ಕೇಳಲು ನಿಲ್ಲಲಿಲ್ಲ.

ಅವನ ರಾಜ್ಯದ ಭೂಪಟ ಬಾಗಿಲ ಹಿಂದೆ ಸುರುಳಿಯಾಗಿರುತ್ತಿತ್ತು. ಬಟ್ಟೆಗೆ ಮೊದಲು ಅಳತೆಯ ನಮೂನೆ ಕತ್ತರಿಸಲು ನಾನು ತಂದಿಟ್ಟ ಕಂದು ಕಾಗದದ ಮೇಲೇ ಬರೆದದ್ದು. ಬೆಟ್ಟ, ಹೊಳೆ, ಕೋಟೆ, ಸಣ್ಣ ಸಣ್ಣ ಊರು. ವರ್ಷಗಟ್ಟಲೆ ಕೂತು ಬರೆದದ್ದು. ಮಾರನೆಯ ದಿನ ಅವನು ಕಾರ್ಖಾನೆಗೆ ಹೋದ ಮೇಲೆ ಅದನ್ನು ಕೆಳಗೆ ತಂದು ಹಾಸಿದೆ. ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಬೆಟ್ಟಗಳ ಸಾಲು ಕುಪ್ಪಸದ ಬೆನ್ನಿಗೆ ಸರಿಹೋಯಿತು. ಕೋಟೆ ತೋಳಿಗೆ ಹೋಯಿತು.

ಸಂಜೆ ಬಂದವನು ತುಂಡುಗಳನ್ನು ನೋಡುತ್ತಾ ನಿಂತ.

“ಗೊತ್ತಾಗ್ನಿಲ್ಲ ಕಣ್ಲಾ,” ಎಂದೆ. “ಅವಸರದಲ್ಲಿ ಕೈಗೆ ಸಿಕ್ತು. ಕಾಗದ ತಾನೆ?”

“ಓಗ್ಲಿ ಬುಡಕ್ಕ,” ಎಂದ. ಚೂರುಪಾರನ್ನೂ ಆರಿಸಿಕೊಂಡು ಮಹಡಿ ಹತ್ತಿದ. ಬೈದಿದ್ದರೆ ನಾನೂ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ. ಅಷ್ಟು ಉಪಕಾರವನ್ನೂ ಅವನು ಮಾಡಲಿಲ್ಲ.

ಮುಂದಿನ ಭಾನುವಾರ ಕಂಡಕ್ಟರು ಮೆಟ್ಟಿಲಿಳಿದು ನೇರ ನನ್ನ ಮೆಷಿನ್ನಿನ ಹತ್ತಿರ ಬಂದರು. ಕಣ್ಣಲ್ಲಿ ಖುಷಿ. ಭೂಕಂಪ ಆಯಿತಂತೆ, ರಾಜ್ಯ ಚೂರು ಚೂರಾಯಿತಂತೆ, ನಡುವೆ ಸಮುದ್ರ ನುಗ್ಗಿತಂತೆ. ಇಂಥ ಕತೆ ಇದುವರೆಗೆ ಆಗಿರಲೇ ಇಲ್ಲವಂತೆ. ನನ್ನ ಕತ್ತರಿಯನ್ನೂ ಅವನು ಕತೆ ಮಾಡಿಬಿಟ್ಟಿದ್ದ! ಆಮೇಲೆ ಅವರು ದನಿ ತಗ್ಗಿಸಿದರು.

“ಒಂದೇ ಬೇಜಾರು ಕಣಮ್ಮ. ಟೈಲರಮ್ಮನ ಅಂಗ್ಡಿ ಎರಡು ಓಳಾಗೋಯ್ತು.”

“ಯಾವ ಟೈಲರಮ್ಮ?”

“ನೀನೇ ಕಣಮ್ಮ. ನಿಂಗೆ ಯೋಳಿಲ್ವಾ ಅವ್ನು? ನಮ್ಗೆ ಎಲ್ಲಿ ಏಟು ಬಿದ್ರೂ ಓಡೋಯ್ತಿದ್ದುದು ಅಲ್ಲಿಗೇಯ. ಬಾಯ್ ತುಂಬ ಬೈತಿದ್ದಳು, ಗಾಯ ಒಲಿತಿದ್ದಳು, ಉಣ್ಣಕ್ಕಿಕ್ಕಿ ಕಳಿಸ್ತಿದ್ದಳು. ಆ ಬೈಗುಳ ಕೇಳಕ್ಕೇ ಆ ನರ್ಸಮ್ಮ ಬೇಕಂತ ಗಾಯ ಮಾಡ್ಕಂಡು ಬರೋಳು.”

ಅವರು ಹೋದ ಮೇಲೆ ನಾನು ಒಂದೇ ಹೊಲಿಗೆಯನ್ನು ಎರಡು ಸಲ ಬಿಚ್ಚಿದೆ. ಆಮೇಲೆ ಹೊಲಿದದ್ದೇ ಆ ಬಿಗಿ ಶರ್ಟು.

ಶರ್ಟಿನಿಂದ ಏನೂ ಆಗಲಿಲ್ಲ. ‘ಬಾಕ್ಕ’ ಎಂದು ಕರೆಯುವುದನ್ನು ಅವನು ನಿಲ್ಲಿಸಿದ್ದ. ಚಹಾ ಇಟ್ಟರೆ ತಲೆಯಾಡಿಸುತ್ತಿದ್ದ, ಅಷ್ಟೆ. ಅದೂ ಕಾಲರ್ ಬಿಟ್ಟಷ್ಟು.

ಹೋದ ಭಾನುವಾರ ತಟ್ಟೆಯನ್ನು ಹೊಸಿಲ ಮೇಲಿಡದೆ ಒಳಗೆ ಹೋದೆ. ಮೇಜಿನ ಮೇಲೆ ಬೆನ್ನು, ತೋಳು, ಕತ್ತುಪಟ್ಟಿ ಎಲ್ಲ ದ್ವೀಪಗಳಾಗಿ ಹರಡಿದ್ದವು. ಒಂದು ತೋಳಿನ ಅಂಚಿನಲ್ಲಿ ಅರ್ಧ ಮನೆ, ಅರ್ಧ ಹೊಲಿಗೆ ಮೆಷಿನ್ನು. ಉಳಿದರ್ಧ ಅಂಗೈ ಅಗಲದಾಚೆ ಬೆನ್ನಿನ ತುಂಡಿನ ಮೇಲೆ. ನರ್ಸಮ್ಮ ಸರಿದು ಜಾಗ ಬಿಟ್ಟಳು. ಕೂತೆ. ತಮ್ಮ ನನ್ನ ಮುಖವನ್ನೇ ನೋಡಿ, ದಾಳವನ್ನು ನನ್ನ ಕಡೆ ತಳ್ಳಿದ.

“ಟೈಲರಮ್ಮ ಬಾಗ್ಲು ತೆಗ್ದವಳೆ,” ಎಂದು ನಿಧಾನವಾಗಿ ಶುರುಮಾಡಿದ. “ಹೊಸಿಲು ದಾಟುದ್ರೆ ಸಮುದ್ರ. ಅರ್ಧ ಅಂಗ್ಡಿ ಆಚೆ ದಡದಲ್ಲದೆ. ಈಗ ಏನ್ ಮಾಡ್ತೀಯಕ್ಕ?”

ದಾಳ ಕೈಯಲ್ಲಿ ಹಿಡಿದೆ. ತಣ್ಣಗಿತ್ತು. ಅಲ್ಲೇ ಇಟ್ಟುಬಿಟ್ಟೆ.

“ಗೊತ್ತಾಗ್ದೆ ಕತ್ತರಿಸಿದ್ದಲ್ಲ,” ಎಂದೆ. “ಗೊತ್ತಿದ್ದೇ ಕತ್ತರಿಸ್ದೆ.”

ಕಂಡಕ್ಟರು ಮೆಲ್ಲಗೆ, ಇದನ್ನು ಹೇಳುತ್ತಿರುವುದು ಟೈಲರಮ್ಮನೋ ನಿಮ್ಮಕ್ಕನೋ ಎಂದು ತಮ್ಮನನ್ನು ಕೇಳಿದರು. ಅವನು ನನ್ನನ್ನೇ ನೋಡುತ್ತಿದ್ದ.

ತುಟಿಯ ಮೂಲೆಯಲ್ಲಿ ಪಿನ್ನು ಹಾಗೇ ಇತ್ತು. ತೆಗೆದು ಸೆರಗಿಗೆ ಚುಚ್ಚಿಕೊಂಡೆ.

“ನಾನೇ ಕಣ್ಲಾ, ನಿಮ್ಮಕ್ಕ. ತಪ್ಪಾಯ್ತು. ಕ್ಷಮಿಸ್ಬುಡು.”