ಊಟದ ಮೇಜಿಗೊಂದು ಕಾನೂನು

ಹತ್ತಾರು ದೇಶಗಳು ಒಂದೆಡೆ ಕೂತು, ಎಲ್ಲರಿಗೂ ಒಂದೇ ಕಾನೂನು ಮಾಡಿ, ಚಪ್ಪಾಳೆ ತಟ್ಟಿ, ಫೋಟೋ ತೆಗೆಸಿಕೊಂಡು ಮನೆಗೆ ಹೋಗುತ್ತವೆ. ಆಮೇಲೆ ವರ್ಷಗಟ್ಟಲೆ ಅದನ್ನು ಜಾರಿಗೆ ತರುವುದಿಲ್ಲ. ಇಂಥ ಸುದ್ದಿ ಓದಿದಾಗಲೆಲ್ಲ ಆ ಸರ್ಕಾರಗಳನ್ನು ಬಾಯ್ತುಂಬ ಬೈಯುತ್ತಿದ್ದವನು ನಾನು. ಈಗ ಯಾರಾದರೂ ಬೈದರೆ ಜಗಳಕ್ಕೇ ನಿಲ್ಲುತ್ತೇನೆ. ಏಕೆಂದರೆ ಕಳೆದ ಯುಗಾದಿಯಿಂದ ನಾನೂ ಅಂಥದೇ ಒಂದು ಸರ್ಕಾರ.

ಅಂದು ಮೈಸೂರಿನ ಅಕ್ಕ, ದುಬೈನ ತಮ್ಮ, ಟೋಕಿಯೋದ ನಿಶಿ ಕಸಾಯಿ ಬಡಾವಣೆಯಿಂದ ನಾನು ವಿಡಿಯೋ ಕಾಲ್‌ನಲ್ಲಿ ಸೇರಿದ್ದೆವು. ಮೂರೂ ಮನೆಗಳಲ್ಲಿ ಊಟದ ಹೊತ್ತಿಗೆ ಮಕ್ಕಳು ಕನ್ನಡ ಬಿಟ್ಟು ಬೇರೆ ಮಾತಾಡಕೂಡದು ಎಂದು ಅಕ್ಕ ಕಾನೂನು ತಂದಳು. ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದವನು ನಾನೇ. ಹಬ್ಬದ ದಿನ, ಬಾಯಲ್ಲಿ ಒಬ್ಬಟ್ಟು ಇಟ್ಟುಕೊಂಡು ಯಾರು ತಾನೇ ಬೇಡ ಎನ್ನುತ್ತಾರೆ? ಅಕ್ಕನ ಮನೆಗೆ ಬರುವ ಹಾಲಿನವನೂ ಕನ್ನಡವನ್ನೇ ಮಾತಾಡುತ್ತಾನೆ. ಅಲ್ಲಿ ಕಾನೂನು ಹುಟ್ಟುವ ಮೊದಲೇ ಜಾರಿಯಾಗಿತ್ತು.

ನಾನೂ ಮರುದಿನವೇ ಜಾರಿ ಮಾಡಿದೆ. ನಮ್ಮ ಎಂಟು ವರ್ಷದ ಅನಘಾ ಜಪಾನೀ ಶಾಲೆಗೆ ಹೋಗುತ್ತಾಳೆ. ಕನ್ನಡವೆಲ್ಲ ಅರ್ಥವಾಗುತ್ತದೆ, ಮಾತು ಮಾತ್ರ ಜಪಾನೀ. ದಿನವೂ ಶಾಲೆಯ ಪುರಾಣವನ್ನೆಲ್ಲ ಊಟದ ಹೊತ್ತಿಗೇ ಬಿಚ್ಚುವ ಹುಡುಗಿ ಅಂದು "ಸಾರು" ಎಂದಳು. ಆಮೇಲೆ "ಸಾಕು" ಎಂದಳು. ಮೂರು ದಿನ ಹೀಗೇ ನಡೆಯಿತು. "ಕನ್ನಡ ಉಳೀತು ರೀ, ಮಗು ಮಾತಾಡೋದೇ ನಿಂತ್ಹೋಯ್ತು" ಎಂದಳು ನನ್ನ ಹೆಂಡತಿ. ನನಗೆ ನಿಜಕ್ಕೂ ಸಂಕಟವಾಯಿತು. ನಾಲ್ಕನೆಯ ದಿನ ಕಾನೂನನ್ನು ಮೂಟೆ ಕಟ್ಟಿ ಪಕ್ಕಕ್ಕಿಟ್ಟೆ. ಕಾನೂನು ಬರೆಯುವವರು ಬೇರೆ, ಅದನ್ನು ಬಡಿಸಿಕೊಂಡು ಉಣ್ಣುವವರು ಬೇರೆ. ತಡ ಮಾಡುವ ಒಂದೊಂದು ಸರ್ಕಾರಕ್ಕೂ ಹೀಗೆ ಎದುರಿಗೆ ಕೂತು ಸುಮ್ಮನೆ ಉಣ್ಣುವ ಮಗಳೊಬ್ಬಳು ಇರಬಹುದು.

ಅಕ್ಕ ಪ್ರತಿ ಭಾನುವಾರ ಫೋನ್ ಮಾಡಿ "ಏನೋ, ಶುರು ಮಾಡಿದ್ಯಾ?" ಎನ್ನುತ್ತಾಳೆ. ನಮ್ಮ ಆಫೀಸಿನ ತನಾಕಾ ಸಾನ್ ತಾವು ಒಲ್ಲದ ಪ್ರಸ್ತಾಪಕ್ಕೆ ಬೇಡ ಎನ್ನುವುದೇ ಇಲ್ಲ. ಸೊಂಟ ಬಗ್ಗಿಸಿ "ಕೆಂತೋ ಶಿಮಾಸು", ಅಂದರೆ ಪರಿಶೀಲಿಸುತ್ತೇವೆ, ಎನ್ನುತ್ತಾರೆ. ಅಲ್ಲಿಗೆ ಆ ಪ್ರಸ್ತಾಪಕ್ಕೆ ಎಳ್ಳುನೀರು. ನಾನೂ ಆರು ತಿಂಗಳು ಪರಿಶೀಲಿಸಿದೆ. ಮೊನ್ನೆ ತಡೆಯಲಾರದೆ ಹೇಳಿಯೇಬಿಟ್ಟೆ: "ಅಕ್ಕಾ, ಕಾನೂನು ನಿಂದು, ಊಟದ ಮೇಜು ನಂದು. ನನ್ ಮಗಳು ಬಾಯಿ ಹೊಲ್ಕೊಂಡು ಊಟ ಮಾಡೋದನ್ನ ನಾನು ನೋಡಲ್ಲ. ಏನ್ ಮಾಡ್ಕೋತೀಯೋ ಮಾಡ್ಕೋ!"

ಫೋನಿಟ್ಟು ಗತ್ತಿನಿಂದ ಊಟಕ್ಕೆ ಕೂತೆ. ಮಗಳು ಕೈ ಬೀಸಿ ಬೀಸಿ ಜಪಾನಿಯಲ್ಲಿ ದೊಡ್ಡ ಕಥೆ ಹೇಳಿದಳು. ಇದಕ್ಕಾಗಿಯೇ ಹೋರಾಡಿದ್ದಲ್ಲವೇ ಎಂದು ನಾನು ಮುಖವರಳಿಸಿ ನಗುತ್ತ ಕೇಳಿದೆ. ಅವಳು ತಟ್ಟನೆ ನಿಲ್ಲಿಸಿ, ನನ್ನನ್ನೇ ದಿಟ್ಟಿಸಿ, ಒಂದೂ ತಪ್ಪಿಲ್ಲದ ಕನ್ನಡದಲ್ಲಿ ಕೇಳಿದಳು:

"ಅಪ್ಪಾ, ಸ್ಕೂಲಲ್ಲಿ ನಾನು ಅತ್ತಿದ್ದು ಹೇಳಿದ್ರೆ ನೀನ್ಯಾಕೆ ನಗ್ತೀಯ?"

ಈ ದೇಶಕ್ಕೆ ಬಂದು ನನಗೆ ಹನ್ನೊಂದು ವರ್ಷ.